ನಮ್ಮ ಅತ್ತೆಯನ್ನು ‘ಶನಿವಾರದ ಜಿಗಿತ’ಕ್ಕೆ ಮರಳಿ ಕರೆಸಿಕೊಳ್ಳಬೇಕೆಂದು ಕೋರಿ

ಸೆಮಫೋರ್, ಅಡಿಲೇಡ್
ನವೆಂಬರ್ 1964

ಗಲ್ಫ್ ಟೆಲಿವಿಷನ್ನಿನ ಕಾರ್ಯಕ್ರಮ ನಿರ್ದೇಶಕರೂ, ಹದಿನಾಲ್ಕರಿಂದ ಹತ್ತೊಂಬತ್ತರವರೆಗಿನ ಸಮಸ್ತ ಯುವಜನರ ಅಭಿರುಚಿಯ ಕಾವಲುಗಾರರೂ, ಮೊಡವೆ ಮುಲಾಮಿನ ಜಾಹೀರಾತನ್ನು ಒಂದೇ ಗಂಟೆಯಲ್ಲಿ ಒಂಬತ್ತು ಬಾರಿ ತೋರಿಸಿಯೂ ದಣಿಯದವರೂ ಆದ ಮಾನ್ಯ ಶ್ರೀ ಕ್ಲೈವ್ ಸ್ಟ್ರೆಂಪೆಲ್ ಅವರಿಗೆ, ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸಿ ಸುರುಳಿ ಮಾಡಿ ಬದುಕುವ ರೋನಾ ಪೆನ್‌ಹಾಲ್ ಎಂಬ ಸಾಮಾನ್ಯಳ ಗೌರವಪೂರ್ವಕ ವಂದನೆಗಳು.

ಮಾನ್ಯರೇ,

ತಾವು ಕೆಲಸದ ಒತ್ತಡದಲ್ಲಿರುವವರು. ಪ್ರತಿ ಶನಿವಾರ ಸಂಜೆ ಐದಕ್ಕೆ ಅರವತ್ತು ಮಕ್ಕಳನ್ನು ಒಂದು ದೊಡ್ಡ ಕೊಠಡಿಗೆ ತುಂಬಿ, ರಟ್ಟಿನ ಅಲೆಗಳ ಮುಂದೆ ನಿಲ್ಲಿಸಿ, ಅವರು ತಾವಾಗಿಯೇ ಸಂತೋಷವಾಗಿದ್ದಾರೆಂದು ಇಡೀ ಊರನ್ನು ನಂಬಿಸುವುದು ಸುಲಭದ ಕೆಲಸವಲ್ಲ. ಆದ್ದರಿಂದ ನನ್ನ ದೂರನ್ನು ಚಿಕ್ಕದಾಗಿ ಹೇಳಿ ಮುಗಿಸಬೇಕೆಂದುಕೊಂಡಿದ್ದೆ. ಆದರೆ ಈ ದೂರಿನಲ್ಲಿ ನಮ್ಮ ಅತ್ತೆ ಇರುವುದರಿಂದ ಅದು ಚಿಕ್ಕದಾಗುವುದು ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇನೆ.

ನಮ್ಮ ಅತ್ತೆ ಎಫಿ ಪೆನ್‌ಹಾಲ್‌ಗೆ ಅರವತ್ತೊಂಬತ್ತು. ಹುಟ್ಟಿದ್ದು ಮೂಂಟಾದ ತಾಮ್ರದ ಗಣಿಯ ಬೀದಿಯಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ ಅಲ್ಲಿಯ ಸಭಾಭವನದಲ್ಲಿ ಕುಣಿದು ಬಹುಮಾನವಾಗಿ ಒಂದು ಜಿಂಜರ್ ಕೇಕು ಗೆದ್ದರು. ಮರುವರ್ಷ ಮದುವೆಯಾದ ಗಂಡ ಮೆಥಡಿಸ್ಟ್ ಚರ್ಚಿನ ಬೋಧಕ. ಕುಣಿತವೆಂದರೆ ಸೈತಾನನು ಬೆಳಿಗ್ಗೆ ಎದ್ದು ಮಾಡುವ ವ್ಯಾಯಾಮ ಎಂದು ಅವರ ಅಭಿಪ್ರಾಯ. ಹೀಗಾಗಿ ಅತ್ತೆ ಮುಂದಿನ ನಲವತ್ತು ಚಿಲ್ಲರೆ ವರ್ಷ ಪಾದ ಎರಡನ್ನೂ ನೆಲಕ್ಕೆ ಒತ್ತಿಕೊಂಡೇ ಬದುಕಿದರು. ಮಾವ ತೀರಿಕೊಂಡ ಮೇಲೆ ನಮ್ಮ ಹಿತ್ತಿಲ ಜಗುಲಿಯ ಕೋಣೆಗೆ ಬಂದರು. ನಮ್ಮಿಬ್ಬರ ಸಂಬಂಧ ಸೌಜನ್ಯದ್ದು. ಅಂದರೆ ಅಷ್ಟೇನೂ ಮಾತಿಲ್ಲ. ನಾನು ಸೊಸೆಯಾಗಿ ಬಂದ ಹದಿನೆಂಟು ವರ್ಷಗಳಲ್ಲಿ ಒಮ್ಮೆಯೂ ಅವರು ತಮ್ಮ ಕೂದಲನ್ನು ನನ್ನ ಕೈಗೆ ಕೊಟ್ಟಿರಲಿಲ್ಲ.

ಹೀಗಿರುವಾಗ, ಹೋದ ಸೆಪ್ಟೆಂಬರಿನಲ್ಲಿ ನನ್ನ ಮಗಳು ಜಿಲಿಯನ್‌ಗೆ ತಮ್ಮ ‘ಶನಿವಾರದ ಜಿಗಿತ’ ಕಾರ್ಯಕ್ರಮದಲ್ಲಿ ಕುಣಿಯುವ ಅವಕಾಶ ಸಿಕ್ಕಿತು. ಅವಳಿಗೆ ಹದಿನೈದು. ಒಬ್ಬಳನ್ನೇ ಕಳಿಸುವುದಿಲ್ಲವೆಂದು ನನ್ನ ಗಂಡ ಮರ್ವ್ ಹಟ ಹಿಡಿದದ್ದರಿಂದ ಅಜ್ಜಿ ಜೊತೆಗೆ ಹೋದರು, ಹೆಣಿಗೆಯ ಚೀಲ ಹಿಡಿದುಕೊಂಡು. ಗೋಡೆಯ ಪಕ್ಕ ನಿಂತಿದ್ದ ಅವರ ಪಾದ ಎಷ್ಟು ಹೊತ್ತಿಗೆ ಚೀಲವನ್ನು ಬಿಟ್ಟು ಹಾಡಿನ ಕಡೆ ಹೊರಟಿತೋ ಅವರಿಗೇ ಗೊತ್ತಿಲ್ಲವಂತೆ. ತಮ್ಮ ಕ್ಯಾಮೆರಾದವರಿಗೆ ಗೊತ್ತಾಯಿತು. ಇಡೀ ಊರು ನಮ್ಮ ಅತ್ತೆ ಈಗಿನ ಮಕ್ಕಳ ಹಾಗೆ ನೆಲಕ್ಕೆ ಕಾಲು ಅಪ್ಪಳಿಸುತ್ತ ಸ್ಟಾಂಪ್ ಕುಣಿಯುವುದನ್ನು ಅರ್ಧ ನಿಮಿಷ ನೋಡಿತು. ಆ ವಾರ ತಮಗೆ ನೂರಾರು ಪತ್ರಗಳು ಬಂದವೆಂದೂ, ಅವರನ್ನು ಪ್ರತಿ ಶನಿವಾರ ಕಳಿಸಿಕೊಡಬೇಕೆಂದೂ ತಮ್ಮ ಕಚೇರಿಯಿಂದ ಫೋನು ಬಂತು.

ಫೋನು ಇಟ್ಟ ಮೇಲೆ ಅತ್ತೆ ನನ್ನ ಅಂಗಡಿಯ ಬಾಗಿಲಲ್ಲಿ ನಿಂತರು.

“ರೋನಾ, ನನ್ನ ಕೂದಲು ಏನಾದ್ರೂ ಮಾಡೋಕಾಗುತ್ತಾ? ಟೀವೀಲಿ ಹಿಂದಿನಿಂದ ಗುಬ್ಬಿ ಗೂಡಿನ ಹಾಗೆ ಕಾಣ್ತಿತ್ತಂತೆ, ಜಿಲಿಯ ಗೆಳತಿಯರು ಹೇಳಿದ್ರು.”

ಹದಿನೆಂಟು ವರ್ಷಗಳಾದ ಮೇಲೆ ಆ ತಲೆ ನನ್ನ ಬೋಗುಣಿಗೆ ಬಾಗಿತು. ಕೂದಲು ಮಗುವಿನ ಕೂದಲಿನಷ್ಟು ಮೃದುವಾಗಿತ್ತು. ಇದಕ್ಕಾಗಿ ತಮಗೆ ಕೃತಜ್ಞಳಾಗಿದ್ದೇನೆ ಎಂಬುದನ್ನು, ಮುಂದೆ ಹೇಳುವ ಮಾತುಗಳ ನಡುವೆ ಮರೆತುಹೋಗಬಾರದೆಂದು, ಇಲ್ಲಿಯೇ ದಾಖಲಿಸುತ್ತೇನೆ.

ಎರಡನೆಯ ವಾರದಿಂದ ತಾವು ಕಾರ್ಯಕ್ರಮವನ್ನು ಇನ್ನಷ್ಟು ಉತ್ತಮಪಡಿಸಿದಿರಿ. ತಮ್ಮಲ್ಲಿ ಹಾಸ್ಯ ಮಾಡಲೆಂದೇ ಸಂಬಳ ಪಡೆಯುವ ಟೆರಿ ಶಿರ್ಮರ್ ಎಂಬ ಇಪ್ಪತ್ತೆರಡರ ಯುವಕನಿಗೆ ಬಿಳಿ ಕೂದಲಿನ ಟೋಪನ್ ಹಾಕಿಸಿ, ಶಾಲು ಹೊದಿಸಿ, ನಮ್ಮ ಅತ್ತೆಯ ಬೆನ್ನ ಹಿಂದೆ ನಿಲ್ಲಿಸಿದಿರಿ. ಅವರು ಕುಣಿದಂತೆಲ್ಲ ಅವನು ಸೊಂಟ ಹಿಡಿದುಕೊಂಡು, ಮಂಡಿಗೆ ಮಂಡಿ ತಾಗಿಸಿ, ಹಲ್ಲಿನ ಸೆಟ್ಟು ಬಿದ್ದುಹೋದವನಂತೆ ನೆಲದ ಮೇಲೆ ಹುಡುಕಾಡಿದ. ಮಕ್ಕಳು ನಕ್ಕರು. ನಗುವುದು ಕುಣಿತವನ್ನು ಮೆಚ್ಚಿಯೇ ಎಂದುಕೊಂಡು ಅತ್ತೆ ಇನ್ನೂ ಹುರುಪಿನಿಂದ ಕುಣಿದರು. ನೇರ ಪ್ರಸಾರವಾದ್ದರಿಂದ ಅವರು ತಮ್ಮನ್ನು ತಾವು ನೋಡುವಂತಿರಲಿಲ್ಲ. ಅಡಿಲೇಡಿನಲ್ಲಿ ಆ ಕುಣಿತವನ್ನು ಪೂರ್ತಿಯಾಗಿ ಕಾಣದವರು ಅವರೊಬ್ಬರೇ. ಇಷ್ಟು ಅಚ್ಚುಕಟ್ಟಾದ ಏರ್ಪಾಡು ಯಾರ ತಲೆಗೆ ಹೊಳೆಯಿತೋ, ಅವರಿಗೆ ತಾವು ಬಡ್ತಿ ಕೊಟ್ಟಿರುವಿರೆಂದು ನಂಬಿದ್ದೇನೆ.

ಮಾನ್ಯರೇ, ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲ ಆ ಹುಡುಗ ಕಾಣಿಸಿಕೊಂಡಾಗ ನಾನೂ ನಕ್ಕೆ. ಚಹಾ ಮೂಗಿಗೆ ಏರುವಷ್ಟು ನಕ್ಕೆ. ಮರ್ವ್ ಮಾತ್ರ ಎದ್ದು ಹೋಗಿ ಟೊಮೇಟೊ ಗಿಡಗಳಿಗೆ ನೀರು ಹಾಕತೊಡಗಿದ, ಬೆಳಿಗ್ಗೆಯಷ್ಟೇ ಹಾಕಿದ್ದರೂ. ಆ ಸಂಜೆ ಅತ್ತೆ ಕೆನ್ನೆ ಕೆಂಪಗೆ ಮಾಡಿಕೊಂಡು ಬಂದು, “ಮಕ್ಕಳು ಎಷ್ಟು ಖುಷಿ ಪಡ್ತಾರೆ ಕಣೆ” ಎಂದಾಗ ಹೇಳಬಹುದಿತ್ತು. ಹೇಳಲಿಲ್ಲ. ಜಿಲಿಯನ್ ಕೂಡ ಹೇಳಲಿಲ್ಲ. ಹೇಳಿದರೆ ತನ್ನ ಜಾಗ ಹೋಗುತ್ತದೆಂದು ಅವಳಿಗೆ ಭಯ. ಮುಂದಿನ ಎರಡು ಶನಿವಾರವೂ ಬೆಳಿಗ್ಗೆ ನಾನು ಆ ಬಿಳಿ ಕೂದಲನ್ನು ತೊಳೆದು, ಸುತ್ತಿ, ಪಿನ್ನು ಹಾಕಿದೆ. ಸಂಜೆ ಇಡೀ ಊರು ಅದರ ನಕಲನ್ನು ನೋಡಿ ನಕ್ಕಿತು.

ಕೊನೆಗೆ ಹೇಳಿದವನು ಕಸಾಯಿ ಅಂಗಡಿಯವನು. ಒಂದು ಬುಧವಾರ ಫ್ರಿಟ್ಜ್ ಸಾಸೇಜು ಕತ್ತರಿಸಿ ಕೊಡುತ್ತ, ಒಳ್ಳೆಯ ಮನಸ್ಸಿನಿಂದಲೇ, “ನಿಮ್ಮ ಹಿಂದೆ ಟೋಪನ್ ಹಾಕ್ಕೊಂಡು ಕುಣೀತಾನಲ್ಲ ಅಮ್ಮ, ಆ ಹುಡುಗ ನಗಿಸಿ ನಗಿಸಿ ಹೊಟ್ಟೆ ನೋಯಿಸಿಬಿಡ್ತಾನೆ” ಅಂದನಂತೆ.

ಅತ್ತೆ ಮನೆಗೆ ಬಂದು ಪೊಟ್ಟಣವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟರು. ಟೊಪ್ಪಿಗೆ ತೆಗೆಯಲಿಲ್ಲ.

“ನೀನು ನೋಡಿದ್ದೀಯಾ ರೋನಾ?”

“ಹೂಂ ಅಮ್ಮ.”

“ನಕ್ಕೆಯಾ?”

“ಮೊದಲ ಸಲ ನಕ್ಕೆ.”

ಅವರು ಕುರ್ಚಿ ಎಳೆದುಕೊಂಡು ಕೂತರು. “ಅವನು ಹೇಗೆ ಮಾಡ್ತಾನೆ, ತೋರ್ಸು.”

“ಬೇಡ ಅಮ್ಮ.”

“ತೋರ್ಸು ಅಂದೆ.”

ಹೀಗಾಗಿ, ಮಾನ್ಯರೇ, ನಾನು ನನ್ನ ಅಡುಗೆಮನೆಯ ನಡುವೆ, ಆಲೂಗಡ್ಡೆ ಸಿಪ್ಪೆ ಅಂಟಿದ ಏಪ್ರನ್ನಿನಲ್ಲಿ, ನನ್ನ ಅತ್ತೆಯ ಎದುರಿಗೆ, ನನ್ನ ಅತ್ತೆಯನ್ನು ಅಣಕಿಸುವ ಹುಡುಗನನ್ನು ಅಣಕಿಸಿ ತೋರಿಸಬೇಕಾಯಿತು. ಸೊಂಟ ಹಿಡಿದೆ. ಮಂಡಿ ತಾಗಿಸಿದೆ. ಹಲ್ಲಿನ ಸೆಟ್ಟನ್ನೂ ಹುಡುಕಿದೆ. ತಮ್ಮ ಸಂಸ್ಥೆಗೆ ಕಲಾವಿದರು ಬೇಕಿದ್ದರೆ ತಿಳಿಸಿ. ಅಂಥ ಕಷ್ಟದ ಪಾತ್ರವನ್ನು ಅಂಥ ಪ್ರೇಕ್ಷಕರ ಮುಂದೆ ಮಾಡಿ ಬದುಕಿ ಬಂದವರು ಈ ರಾಜ್ಯದಲ್ಲಿ ಬೇರೆ ಯಾರೂ ಇರಲಾರರು.

ಅತ್ತೆ ಕೊನೆಯವರೆಗೂ ನೋಡಿದರು. ಆಮೇಲೆ, “ಮಂಡಿ ತಪ್ಪು. ನನ್ನ ಮಂಡಿ ಯಾವತ್ತೂ ಹಾಗೆ ಬಗ್ಗಿಲ್ಲ” ಅಂದರು. ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅದರ ಅಂಚನ್ನು ನೇವರಿಸಿದರು. “ಶನಿವಾರ ಕೂದಲು ಸೆಟ್ ಮಾಡಿಕೊಡ್ತೀಯಲ್ಲ?”

ಆ ಶನಿವಾರ ಬೋಗುಣಿಯ ಮೇಲೆ ಅವರ ತಲೆ ಹಿಡಿದುಕೊಂಡು, ನೀರಿನ ಸದ್ದಿನಲ್ಲಿ ಕೇಳಿಸದಿದ್ದರೆ ಒಳ್ಳೆಯದೆಂದುಕೊಳ್ಳುತ್ತ, “ತಪ್ಪಾಯ್ತು ಅಮ್ಮ” ಎಂದೆ.

“ನೀರು ಸ್ವಲ್ಪ ಬಿಸಿ ಜಾಸ್ತಿ” ಎಂದರು. ನಾನು ತಣ್ಣೀರಿನ ನಲ್ಲಿ ತಿರುಗಿಸಿದ ಮೇಲೆ, “ಕೇಳಿಸ್ತು ಕಣೆ” ಎಂದರು.

ಅಂದು ನಾನೂ ಜೊತೆಗೆ ಬಂದಿದ್ದೆ. ತಮ್ಮ ಸ್ಟುಡಿಯೋದ ದೀಪಗಳ ಕಾವು ನನ್ನ ಕೂದಲೊಣಗಿಸುವ ಯಂತ್ರಗಳನ್ನು ನಾಚಿಸುವಂತಿದೆ. ಅಂದಿನ ಮುಖ್ಯ ಅತಿಥಿ ಮೆಲ್ಬರ್ನ್‌ನಿಂದ ಬಂದ ವಿನ್ಸ್ ವೇಲ್ ಎಂಬ ಗಾಯಕ. ಅವರ ಗಿಟಾರಿನ ವಿದ್ಯುತ್ ತಂತಿಯನ್ನು ಎಲ್ಲಿಗೂ ಜೋಡಿಸಿರಲಿಲ್ಲ, ಆದರೂ ಅದು ನುಡಿಯಿತು. ಅವರು ತಡವಾಗಿ ಬಾಯಿ ತೆರೆದರೂ ಹಾಡು ಹೊತ್ತಿಗೆ ಸರಿಯಾಗಿ ಶುರುವಾಯಿತು. ವಿಜ್ಞಾನ ಎಷ್ಟು ಮುಂದುವರಿದಿದೆ.

ಹಾಡಿನ ಮೊದಲ ಚರಣದಲ್ಲಿ ಅತ್ತೆ ಎಂದಿನಂತೆ ಕುಣಿದರು. ಹಿಂದೆ ಟೆರಿ ಶಿರ್ಮರ್ ಸೊಂಟ ಹಿಡಿದುಕೊಂಡ. ನಗು ಶುರುವಾಯಿತು. ಆಗ ಅತ್ತೆ ಗಿರಕ್ಕನೆ ತಿರುಗಿ ಅವನ ಮಣಿಕಟ್ಟು ಹಿಡಿದು, ಇನ್ನೊಂದು ಕೈಯನ್ನು ಅವನ ಹೆಗಲ ಮೇಲಿಟ್ಟರು. ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ, ಎಲ್ಲ ಕೇಳಿಸಿತು.

“ಬಾ ಮಗ. ಎಡಗಾಲು ಮೊದಲು.”

“ಅಜ್ಜಿ, ಬಿಡಿ, ಕ್ಯಾಮೆರಾ ಓಡ್ತಿದೆ” ಎಂದ ಅವನು, ಹಲ್ಲು ಬಿಚ್ಚದೆ.

“ಅದು ಓಡ್ಲಿ. ನೀನು ನಿಧಾನಕ್ಕೆ ನಡಿ. ಬೆನ್ನು ನೆಟ್ಟಗೆ. ಯಾರಾದ್ರೂ ನೋಡಿದ್ರೆ ಮುದುಕ ಅಂದುಕೊಂಡಾರು.”

ಅದು ಟೂ-ಸ್ಟೆಪ್, ಮಾನ್ಯರೇ, ಅತ್ತೆ ಹುಡುಗಿಯಾಗಿದ್ದ ಕಾಲದ ಜೋಡಿ ಕುಣಿತ. ತಮ್ಮ ಡ್ರಮ್ಮಿನ ಸದ್ದಿಗೆ ಅದು ಹೊಂದುತ್ತದೆಂದು ಅದುವರೆಗೆ ಯಾರೂ ಯೋಚಿಸಿರಲಿಲ್ಲ. ಟೆರಿ ಎರಡು ಸಲ ಮುಗ್ಗರಿಸಿದ. ಟೋಪನ್ ಕಿವಿಯ ಮೇಲೆ ಜಾರಿತು. ಅತ್ತೆ ಹೆಜ್ಜೆ ತಪ್ಪದೆ ಅದನ್ನು ತೆಗೆದು ಅವನ ಜೇಬಿಗೆ ತುರುಕಿದರು. ಎರಡನೆಯ ಚರಣದ ಹೊತ್ತಿಗೆ ಹುಡುಗನ ಮುಖದಿಂದ ಹಾಸ್ಯ ಇಳಿದುಹೋಗಿ, ತಾನು ನಿಜಕ್ಕೂ ಏನೋ ಮಾಡುತ್ತಿದ್ದೇನೆಂಬ ಗಾಬರಿ ಬಂತು. ಆಮೇಲೆ ಗಾಬರಿಯೂ ಹೋಯಿತು. ಮಕ್ಕಳು ಹಿಂದೆ ಸರಿದು ಜಾಗ ಬಿಟ್ಟರು. ನಗು ಯಾವಾಗ ಚಪ್ಪಾಳೆಯಾಯಿತೆಂದು ನಾನು ಗಮನಿಸಲಿಲ್ಲ, ಏಕೆಂದರೆ ಗೌರವಾನ್ವಿತ ವೇಲ್ ಅವರು ಬಾಯಿ ಮುಚ್ಚಿಕೊಂಡು ಬೆರಗಿನಿಂದ ನೋಡುತ್ತ ನಿಂತಿದ್ದರು, ಅವರ ದನಿ ಮಾತ್ರ ಪ್ರೀತಿಯ ವೇದನೆಯನ್ನು ಒಂದೇ ಸಮನೆ ಹಾಡುತ್ತಿತ್ತು. ಆಗ ತಾವು ಮೊಡವೆ ಮುಲಾಮನ್ನು ತೋರಿಸಿದಿರಿ. ಒಂದರ ಹಿಂದೆ ಒಂದು, ಮೂರು ಬಾರಿ.

ಮಂಗಳವಾರ ತಮ್ಮ ಪತ್ರ ಬಂತು. ಭಾಗವಹಿಸುವವರ ವಯೋಮಿತಿ ಹತ್ತೊಂಬತ್ತು ಎಂಬ ನಿಯಮ ಇದ್ದಕ್ಕಿದ್ದಂತೆ ತಮ್ಮ ಗಮನಕ್ಕೆ ಬಂದಿದೆ ಎಂದು ಅದರಲ್ಲಿತ್ತು. ಐದು ವಾರ ಆ ಹೆಂಗಸಿಗೆ ಹತ್ತೊಂಬತ್ತಾಗಿದೆಯೆಂದು ತಾವು ಭಾವಿಸಿದ್ದಿರಾದರೆ, ಕೂದಲು ಸೆಟ್ ಮಾಡಿದವಳಾಗಿ ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ. ಟೆರಿಯ ವಿಷಯ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಅತ್ತೆ ಅದನ್ನು ಎರಡು ಸಲ ಓದಿದರು. “ಹತ್ತೊಂಬತ್ತರಲ್ಲಿ ನನಗೆ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ” ಎಂದು ಹೇಳಿ, ಬೂಟುಗಳನ್ನು ಡಬ್ಬಿಗೆ ಹಾಕಿ, ಜಗುಲಿಯ ಕೋಣೆಗೆ ಹೋದರು. ಶುಕ್ರವಾರದವರೆಗೆ ಊಟಕ್ಕೆ ಬಿಟ್ಟರೆ ಹೊರಗೆ ಬರಲಿಲ್ಲ. ಪಾದಗಳು ಮತ್ತೆ ನೆಲಕ್ಕೆ ಒತ್ತಿಕೊಂಡಿದ್ದವು. ನಾನು ತಮ್ಮನ್ನು ಮನಸಾರೆ ಶಪಿಸಿದ್ದು ಆ ನಾಲ್ಕು ದಿನಗಳಲ್ಲಿ ಎಂದು ವಿನಯದಿಂದ ತಿಳಿಸುತ್ತೇನೆ.

ಶನಿವಾರ ಐದಕ್ಕೆ ಗೇಟಿನಲ್ಲಿ ನಾಲ್ಕು ಹುಡುಗಿಯರು ನಿಂತಿದ್ದರು; ಜಿಲಿಯನ್ ಅವರನ್ನು ಕರೆತಂದಿದ್ದಳು. ತಮ್ಮ ಸ್ಟುಡಿಯೋದಲ್ಲಿ ಇರಬೇಕಾದವಳು ಅಲ್ಲೇಕೆ ನಿಂತಿದ್ದಾಳೆಂದು ನಾನು ಕೇಳಲಿಲ್ಲ.

“ಆ ಸ್ಟೆಪ್ಪು ಹೇಳಿಕೊಡ್ತಾರಾ ಅಂತ ಕೇಳೋಕೆ ಬಂದ್ವಿ” ಎಂದಳು ಒಬ್ಬಳು.

ಅತ್ತೆ ಕಿಟಕಿಯಿಂದ ಇಣುಕಿ, “ಆ ಬೂಟಲ್ಲಿ ಆಗಲ್ಲ, ಬಿಚ್ಚಿ” ಎಂದರು.

ಮುಂದಿನ ವಾರ ಹನ್ನೊಂದು ಜನ. ಅದರಾಚೆ ಮೂವತ್ತನಾಲ್ಕು. ತಮ್ಮ ಟೆರಿ ಶಿರ್ಮರ್ ಕೂಡ ಬಂದ. ಗೇಟಿನ ಹೊರಗೆ ಟೋಪಿ ಹಿಸುಕುತ್ತ ಕಾಲು ಗಂಟೆ ನಿಂತಿದ್ದು, ಕೊನೆಗೆ ಒಳಗೆ ಬಂದು, “ಮಂಡಿ ವಿಷಯಕ್ಕೆ ಕ್ಷಮಿಸಿ ಮಿಸೆಸ್ ಪೆನ್‌ಹಾಲ್” ಎಂದ. ಈಗ ಅವನು ಗ್ರಾಮಫೋನು ನೋಡಿಕೊಳ್ಳುತ್ತಾನೆ. ಶನಿವಾರ ಅವನಿಗೆ ತಮ್ಮಲ್ಲಿ ಕೆಲಸವಿತ್ತೆಂದು ತಿಳಿದು ವಿಷಾದವಾಯಿತು.

ಇನ್ನು ನನ್ನ ದೂರು. ನನ್ನ ಹಿತ್ತಿಲು ಹಾಳಾಗಿದೆ. ಹುಡುಗರು ಬಟ್ಟೆ ಒಣಹಾಕುವ ತಿರುಗು ಕಂಬಕ್ಕೆ ಜೋತುಬಿದ್ದು ಅದು ಪೂರ್ವಕ್ಕೆ ವಾಲಿದೆ. ಟೊಮೇಟೊ ಗಿಡಗಳು ಮಣ್ಣಿನ ಪಾಲಾಗಿವೆ. ನಾನು ಪ್ರತಿ ವಾರ ಮಾಂಸ, ಆಲೂಗಡ್ಡೆ ತುಂಬಿದ ನಲವತ್ತು ಪಾಸ್ಟಿ ಬೇಯಿಸುತ್ತಿದ್ದೇನೆ. ಇದಕ್ಕೆಲ್ಲ ಮೇಲಾಗಿ, ಬೋಧಕನ ಮಗನಾಗಿ ಬೆಳೆದು, ನಮ್ಮ ಮದುವೆಯ ದಿನ ಕೂಡ ಒಂದು ಹೆಜ್ಜೆ ಹಾಕದ ನನ್ನ ಗಂಡ, ಹೋದ ಶನಿವಾರ ಮುರಿದ ಗಿಡಗಳನ್ನು ಎತ್ತಿಕಟ್ಟುವುದನ್ನು ನಿಲ್ಲಿಸಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನನ್ನ ಮುಂದೆ ಬಂದು ನಿಂತ. “ಏನು?” ಎಂದೆ. “ಏನಿಲ್ಲ. ಬರ್ತೀಯಾ ಅಂತ” ಎಂದ. ಹಡಗುಕಟ್ಟೆಯ ಕ್ರೇನನ್ನು ನಡೆಸುವ ಕೈ ನನ್ನ ಬೆನ್ನ ಮೇಲೆ ಎಲ್ಲಿ ಇಳಿಯಬೇಕೆಂದು ಜಾಗ ಹುಡುಕಿತು. ಅತ್ತೆ ದೂರದಿಂದ, “ಮರ್ವ್, ಅವಳ ಕಾಲು ನೆಲ ಅಲ್ಲ ಕಣೋ” ಎಂದು ಕೂಗಿದರು. ನನ್ನ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಅದಕ್ಕೂ ತಾವೇ ಹೊಣೆ.

ಆದ್ದರಿಂದ ನಮ್ಮ ಅತ್ತೆಯನ್ನು ತಾವು ದಯವಿಟ್ಟು ಮರಳಿ ಕರೆಸಿಕೊಳ್ಳಬೇಕು. ವಯೋಮಿತಿಯನ್ನು ತೊಂಬತ್ತಕ್ಕೆ ಏರಿಸಬೇಕು. ಮೂವತ್ತನಾಲ್ಕು ಮಕ್ಕಳನ್ನು ಸಾಗಿಸಲು ಬಸ್ಸು ಕಳಿಸಬೇಕು. ಬರುವಾಗ ಟೊಮೇಟೊ ಸಸಿಗಳನ್ನೂ ಶ್ರೀ ವೇಲ್ ಅವರ ದನಿಯನ್ನೂ ತರಬೇಕು, ಅವರು ಸ್ವತಃ ಬರುವ ಅಗತ್ಯವಿಲ್ಲ. ಇದೊಂದೂ ಸಾಧ್ಯವಿಲ್ಲದಿದ್ದರೆ ಒಂದು ಕಾಗದದ ಮೇಲೆ ಎರಡು ಸಾಲು ಕ್ಷಮೆ ಬರೆದು ಕಳಿಸಿ. ನನ್ನ ಹೆಸರಿಗಲ್ಲ, ಅತ್ತೆಯ ಹೆಸರಿಗೆ. ಕುಣಿಸಿದ್ದಕ್ಕಲ್ಲ, ಹಿಂದೆ ನಿಂತು ನಕ್ಕಿದ್ದಕ್ಕೆ. ನನ್ನ ಪಾಲಿನದನ್ನು ನಾನು ಆಗಲೇ ಹೇಳಿ ಮುಗಿಸಿದ್ದೇನೆ. ಅದರಿಂದ ಯಾರೂ ಸಾಯುವುದಿಲ್ಲ ಎಂದು ಅನುಭವದಿಂದ ಹೇಳಬಲ್ಲೆ.

ಪಾಸ್ಟಿಗಳು ಒಲೆಯಲ್ಲಿರುವುದರಿಂದ ಇಲ್ಲಿಗೆ ನಿಲ್ಲಿಸುವ,

ತಮ್ಮ ವಿಶ್ವಾಸಿ,
ರೋನಾ ಪೆನ್‌ಹಾಲ್

ಮರೆತ ಮಾತು: ಈ ಪತ್ರ ಬರೆಯುತ್ತಿರುವುದು ಶನಿವಾರ ಸಂಜೆ ಐದೂಕಾಲಿಗೆ. ತಮ್ಮ ಕಾರ್ಯಕ್ರಮವನ್ನು ನಮ್ಮ ಬೀದಿಯಲ್ಲಿ ಯಾರೂ ನೋಡುವುದಿಲ್ಲವೆಂದು ಜಾಹೀರಾತಿನವರು ದೂರಿದರೆ ನಂಬಬೇಡಿ. ಪಕ್ಕದ ಮನೆಯವರು ಎಲ್ಲರೂ ನಮ್ಮ ಹಿತ್ತಿಲಿಗೆ ಬಂದಿದ್ದಾರೆ, ಆದರೆ ನಾಯಿಗೆ ಒಂಟಿತನ ಕಾಡಬಾರದೆಂದು ಟೀವಿ ಹಚ್ಚಿಟ್ಟೇ ಬಂದಿದ್ದಾರೆ. ಅದು ಮೊಡವೆ ಮುಲಾಮು ಬಂದಾಗ ಮಾತ್ರ ಬೊಗಳುತ್ತದೆ. ಉಳಿದ ಹೊತ್ತು ನಿದ್ದೆ ಮಾಡುತ್ತದೆ.