ಮೇಡಂಗೆ ಎತ್ತಿಟ್ಟ ಐದು ಎಲೆ

ಆ ದಿನ ಬೆಳಗ್ಗೆ ವಿಜಯ್‌ಕುಮಾರನಿಗೆ ತುರ್ತಾಗಿ ಒಂದು ಕಾಯಿಲೆ ಗಿಡ ಬೇಕಾಗಿತ್ತು. ಅದೂ ಅಂತಿಂಥದ್ದಲ್ಲ. ನೋಡುವವರ ಕಣ್ಣಿಗೆ ಗುಂಡುಕಲ್ಲಿನ ಹಾಗಿರಬೇಕು, ಒಳಗೊಳಗೇ ರೋಗ ಹತ್ತಿರಬೇಕು.

ಅವನ ಕಂಪನಿಯವರು ಒಂದು ಯಂತ್ರ ಮಾಡಿದ್ದರು. ಎಲೆಯ ಮೇಲೆ ಬಗೆಬಗೆಯ ಬೆಳಕು ಬಿಟ್ಟು, ವಾಪಸ್ ಬರುವ ಬೆಳಕನ್ನು ಅಳೆದು, ಚುಕ್ಕೆ ಕಾಣಿಸುವುದಕ್ಕೆ ಒಂದು ವಾರ ಮುಂಚೆಯೇ ರೋಗ ಹೇಳಿಬಿಡುತ್ತಿತ್ತು. ಗಾತ್ರ ಒಂದು ಟಾರ್ಚಿನಷ್ಟು. ಎಲೆ ಚೆನ್ನಾಗಿದ್ದರೆ ಹಸಿರು ದೀಪ, ರೋಗವಿದ್ದರೆ ಕೆಂಪು ದೀಪ. ಇದನ್ನು ಜನರಿಗೆ ತೋರಿಸಿ ಒಪ್ಪಿಸುವ ಕೆಲಸಕ್ಕೆ ಇಬ್ಬರಿದ್ದರು: ವಿಜಯ್‌ಕುಮಾರ್ ಮತ್ತು ಪ್ರಸನ್ನ. ಒಬ್ಬರು ಮೈಸೂರಿನಲ್ಲಿರಬೇಕು, ಇನ್ನೊಬ್ಬರು ಹೊಸದಾಗಿ ತೆರೆಯುವ ಬೀದರ್ ಕಚೇರಿಗೆ ಹೋಗಬೇಕು. ಯಾರು ಎಲ್ಲಿಗೆ ಅನ್ನುವುದನ್ನು ಇಬ್ಬರ ಕೆಲಸವನ್ನೂ ಕಣ್ಣಾರೆ ನೋಡಿ ತೀರ್ಮಾನಿಸುತ್ತೇನೆ ಅಂತ ಕಂಪನಿಯ ಮುಖ್ಯಸ್ಥೆ ರಕ್ಷಿತಾ ಮೇಡಂ ಹೇಳಿದ್ದರು.

ಗೆದ್ದವನಿಗೆ ಮೈಸೂರು, ಸೋತವನಿಗೆ ಬೀದರ್ ಅಂತ ಬಿಡಿಸಿ ಹೇಳಬೇಕೇ? ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಮೂರು ಬೀದಿ ಆಚೆಯಿಂದ ಹೆಣ್ಣು ತಂದ ವಿಜಯ್‌ಕುಮಾರನಿಗೆ ಅಷ್ಟೂ ತಿಳಿಯುವುದಿಲ್ಲವೇ? ಅವನ ಪ್ರಕಾರ ಮಂಡ್ಯ ದಾಟಿದರೆ ಪರದೇಶ.

"ಪ್ರಸನ್ನ ಬೀದರ್‌ಗೆ ಹೋದ ಅಂತ್ಲೇ ತಿಳ್ಕೊ," ಎಂದ ಹೆಂಡತಿ ಬಿಂದುವಿಗೆ. "ನಿನ್ನೆ ಜಯಲಕ್ಷ್ಮಿಪುರದಲ್ಲಿ ಯಾರದೋ ಮನೆ ಹಾಲ್‌ನಲ್ಲಿ ಮೇಡಂ ಮುಂದೇನೇ ಒಂದು ಗಿಡಕ್ಕೆ ಮಿಷಿನ್ ಹಿಡಿದು, ಭಾರೀ ಆರೋಗ್ಯವಾಗಿದೆ ಅಂದ್ನಂತೆ. ಅದು ಪ್ಲಾಸ್ಟಿಕ್ ಗಿಡ!"

ಬಿಂದು ನಗಲಿಲ್ಲ. "ಸಾಯಂಕಾಲ ನಾಲ್ಕಕ್ಕೆ ನಿಮ್ಮ ಸರದಿ. ಮೊದ್ಲು ಕಾಯಿಲೆ ಗಿಡ ಹುಡುಕ್ರೀ. ಮಕ್ಕಳ ಸ್ಕೂಲು, ನನ್ನ ಕೆಲಸ, ಅತ್ತೆಯವರ ಡಾಕ್ಟ್ರು, ಎಲ್ಲಾ ಇಲ್ಲೇ ಇದೆ. ಬೀದರ್ ಅಂದ್ರೆ ನೀವೊಬ್ರೇ ಹೋಗಿ ಬೇಯಿಸ್ಕೊಂಡು ತಿನ್ನಿ."

ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬನೇ ಇರುವುದು ಅವನ ಕೈಲಾಗದ ಮಾತು. ಆದರೆ ಧೈರ್ಯಕ್ಕೇನೂ ಬರವಿರಲಿಲ್ಲ. ಯಂತ್ರ ಹಿಡಿದು ಬೀದಿಗಿಳಿದ.

ಗ್ರಹಚಾರ ನೋಡಿ, ಬೀದಿಯ ಗಿಡಗಳಿಗೆಲ್ಲ ಅವತ್ತೇ ಆರೋಗ್ಯ ಉಕ್ಕಿ ಹರಿಯುತ್ತಿತ್ತು. ನುಗ್ಗೆ ಹಸಿರು, ಕರಿಬೇವು ಹಸಿರು, ಚರಂಡಿ ಪಕ್ಕದಲ್ಲಿ ಎಮ್ಮೆ ಮೇಯ್ದು ಬಿಟ್ಟಿದ್ದ ಬಸಳೆಯೂ ಹಸಿರು. ಎದುರುಮನೆಯ ಚಿಕ್ಕಬಸವಯ್ಯನವರ ದಾಸವಾಳಕ್ಕೆ ಹಿಡಿದಾಗ ಮಾತ್ರ ಕೆಂಪು ದೀಪ ಹತ್ತಿತು. ವಿಜಯ್‌ಕುಮಾರ್ ಸಂತೋಷದಿಂದ ಕೂಗಿಯೇಬಿಟ್ಟ.

"ಏನಯ್ಯಾ ಅದು?" ಅಂತ ಚಿಕ್ಕಬಸವಯ್ಯ ಹೊರಗೆ ಬಂದರು. ಅವರು ನಿವೃತ್ತ ಲೈನ್‌ಮನ್. ಈಗ ಇಡೀ ಬೀದಿಯ ಉಸಾಬರಿ ಅವರದೇ.

"ಗಿಡಕ್ಕೆ ರೋಗ ಬಂದಿದೆ ಸಾರ್!"

"ರೋಗ ಅಲ್ಲ ಕಣಯ್ಯಾ, ಬೂದಿ. ಹುಳ ಬೀಳ್ದೇ ಇರ್ಲಿ ಅಂತ ಬೆಳಗ್ಗೆ ನಾನೇ ಒಲೆ ಬೂದಿ ಎರಚಿದ್ದೀನಿ." ಅವರು ಪಂಚೆಯ ತುದಿಯಿಂದ ಎಲೆ ಒರೆಸಿದರು. ದೀಪ ಹಸಿರಾಯಿತು. "ನನ್ನ ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ಹೇಳುತ್ತಾ ಇದು?" ಅಂತ ಅಂಗೈ ಬೇರೆ ಚಾಚಿದರು.

ಹನ್ನೊಂದು ಗಂಟೆಗೆ, ಪಕ್ಕದ ಮನೆ ಪುಟ್ಟಬಸಮ್ಮಜ್ಜಿಯ ವೀಳ್ಯದೆಲೆ ಬಳ್ಳಿಯಲ್ಲಿ ಅವನ ಅದೃಷ್ಟ ಖುಲಾಯಿಸಿತು. ಬಳ್ಳಿಯ ತುಂಬ ಅಂಗೈಯಗಲದ ಮಿರಮಿರ ಎಲೆಗಳು. ಅವುಗಳಲ್ಲಿ ಐದು ಎಲೆಗೆ ಮಾತ್ರ ಕೆಂಪು ದೀಪ. ಉಜ್ಜಿ ನೋಡಿದ, ತೊಳೆದು ನೋಡಿದ, ಕೆಂಪೇ. ಎಲೆಚುಕ್ಕೆ ರೋಗದ ಮೊದಲ ಹೆಜ್ಜೆ. ಬರಿಗಣ್ಣಿಗೆ ಒಂದು ಕಲೆ ಇಲ್ಲ. ಇದಕ್ಕಿಂತ ಇನ್ನೇನು ಬೇಕು?

ಗುರುತಿಗೆ ಐದೂ ಎಲೆಯ ತೊಟ್ಟಿಗೆ ಕೆಂಪು ದಾರ ಕಟ್ಟಿದ. ಅಷ್ಟರಲ್ಲಿ ಅಜ್ಜಿ ಬಂದರು.

"ಯಾಕಪ್ಪಾ ವಿಜಿ, ಎಲೆಗೆ ದಾರ ಕಟ್ಬುಟ್ಟಿದ್ದೀಯ?"

ಆ ಬೀದಿಯ ಮದುವೆ, ಸೀಮಂತ, ನಾಮಕರಣ ಎಲ್ಲದರ ತಾಂಬೂಲಕ್ಕೂ ಹೋಗುತ್ತಿದ್ದುದು ಆ ಬಳ್ಳಿಯ ಎಲೆ. ಅದಕ್ಕೆ ರೋಗ ಅಂತ ಹೇಳಿದರೆ ಅಜ್ಜಿ ಅನ್ನ ನೀರು ಬಿಡುತ್ತಾರೆ. ವಿಜಯ್‌ಕುಮಾರ್ ನಯವಾಗಿ ಒಂದು ಸುಳ್ಳು ಹೇಳಿದ.

"ಇಡೀ ಬಳ್ಳೀಲಿ ಈ ಐದೇ ಫಸ್ಟ್ ಕ್ಲಾಸ್ ಎಲೆ ಅಂತ ಮಿಷಿನ್ ಹೇಳ್ತು ಅಜ್ಜಿ. ನಾಲ್ಕು ಗಂಟೆಗೆ ನಮ್ಮ ಮೇಡಂ ಬರ್ತಾರೆ. ಅವರು ಬರೋವರ್ಗೂ ಯಾರಿಗೂ ಕೊಡ್ಬೇಡಿ."

"ಅಂಗೇ ಆಗ್ಲಿ ಬುಡಪ್ಪ. ನಾನ್ಯಾಕೆ ಕೊಡ್ಲಿ?" ಎಂದರು ಅಜ್ಜಿ.

ಅಲ್ಲಿಂದ ನಾಲ್ಕು ಗಂಟೆಯವರೆಗೆ ಅವನು ಬಿಸಿಲಲ್ಲಿ ಬಳ್ಳಿ ಕಾದ. ಚಿಕ್ಕಬಸವಯ್ಯ ಮೂರು ಸಲ ಬೇವಿನೆಣ್ಣೆಯ ಸ್ಪ್ರೇ ಡಬ್ಬಿ ಹಿಡಿದುಕೊಂಡು ಬಂದರು. "ನೀನು ಏನೋ ಮುಚ್ಚಿಡ್ತಿದ್ದೀಯ ಕಣಯ್ಯಾ. ಯಾವುದಕ್ಕೂ ಇರ್ಲಿ, ಒಂದು ಸುತ್ತು ಹೊಡೆದುಬಿಡ್ತೀನಿ." ಮೂರು ಸಲವೂ ವಿಜಯ್‌ಕುಮಾರ್ ಅಡ್ಡ ನಿಂತ. ಮೂರನೆಯ ಸಲ ಬೇವಿನೆಣ್ಣೆ ಅವನ ಇಸ್ತ್ರಿ ಶರ್ಟಿನ ಮೇಲೇ ಬಿತ್ತು. ಗಬ್ಬುನಾತ ಹೊಡೆಯುತ್ತಿದ್ದರೂ ಅವನು ಹೆದರಲಿಲ್ಲ.

ಮೇಡಂ ದಾರಿ ತಪ್ಪಿ ಫೋನ್ ಮಾಡಿದಾಗ ಕರೆತರಲು ಮುಖ್ಯರಸ್ತೆಗೆ ಓಡಿದ. ಹತ್ತು ನಿಮಿಷ ಹೋಯಿತು.

ಮೇಡಂ ಬಂದು ಅಜ್ಜಿಯ ಮನೆ ಜಗಲಿಯಲ್ಲಿ ಕುಳಿತರು. ಬೀದಿಯ ಅರ್ಧ ಜನ ಸೇರಿದ್ದರು, ಬಿಂದುವೂ ಬಂದಿದ್ದಳು. ವಿಜಯ್‌ಕುಮಾರ್ ಬೆಳಕಿನ ವಿಚಾರ, ಕಣ್ಣಿಗೆ ಕಾಣದ ರೋಗದ ವಿಚಾರ ಎಲ್ಲ ನಿರರ್ಗಳವಾಗಿ ಹೇಳಿ ಬಳ್ಳಿಯ ಕಡೆ ತಿರುಗಿದ. ದಾರ ಕಾಣಲಿಲ್ಲ. ಎಲೆಯೂ ಕಾಣಲಿಲ್ಲ.

ತಿರುಗಿ ನೋಡಿದರೆ ಮೇಡಂ ಏನೋ ಅಗಿಯುತ್ತಿದ್ದಾರೆ. ಮುಂದೆ ತಾಂಬೂಲದ ತಟ್ಟೆ. ಅದರಲ್ಲಿ ಅಡಿಕೆ, ಸುಣ್ಣ, ಎರಡು ವೀಳ್ಯದೆಲೆ, ಪಕ್ಕದಲ್ಲಿ ಜೋಪಾನವಾಗಿ ಬಿಚ್ಚಿಟ್ಟ ಐದು ಕೆಂಪು ದಾರ.

"ನೀನೇ ಹೇಳಿದ್ಯಲ್ಲಪ್ಪ, ಫಸ್ಟ್ ಕ್ಲಾಸ್ ಎಲೆ, ಮೇಡಮ್ಮನೋರು ಬರೋಗಂಟ ಯಾರಿಗೂ ಕೊಡ್ಬೇಡಿ ಅಂತ," ಎಂದರು ಅಜ್ಜಿ ಹೆಮ್ಮೆಯಿಂದ. "ಮನೆಗೆ ಬಂದೋರ್ಗೆ ಒಳ್ಳೇದು ಕೊಡ್ದೆ ಇನ್ನೇನು ಕೊಡಾನ?"

ವಿಜಯ್‌ಕುಮಾರ್ ಬಳ್ಳಿಗೆಲ್ಲ ಯಂತ್ರ ಹಿಡಿದ. ಹಸಿರು, ಹಸಿರು, ಹಸಿರು.

"ರೋಗ ಎಲ್ಲಿ ವಿಜಯ್‌ಕುಮಾರ್?" ಎಂದರು ಮೇಡಂ. ಬಾಯಿ ಕೆಂಪಾಗಿತ್ತು. "ಹೋಗ್ಲಿ ಬಿಡಿ, ಪರವಾಗಿಲ್ಲ. ಇನ್ನೂ ಕಲಿಯೋದಕ್ಕೆ ಟೈಮ್ ಇದೆ." ಅವರು ಬ್ಯಾಗ್ ಹೆಗಲಿಗೇರಿಸಿಕೊಂಡು ಎದ್ದರು.

ಬಿಂದುವಿನ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಇನ್ನು ಸುಮ್ಮನಿದ್ದರೆ ಕೆಟ್ಟೆ ಅನಿಸಿ, ಗಟ್ಟಿ ಮನಸ್ಸು ಮಾಡಿದ.

"ಮೇಡಂ, ರೋಗ ನಿಮ್ಮ ಬಾಯಲ್ಲಿದೆ!"

ಮೇಡಂ ಅಗಿಯುವುದನ್ನು ನಿಲ್ಲಿಸಿದರು.

"ಹೆದರ್ಬೇಡಿ, ಅದು ಎಲೆಗೆ ಬರೋ ರೋಗ, ಮನುಷ್ಯರಿಗಲ್ಲ. ನೀವು ಮೂರು ಎಲೆ ತಿಂದಿದ್ದೀರಿ, ಇನ್ನೆರಡು ಇಲ್ಲಿವೆ. ನಾನು ಕಣ್ಣಿಗೆ ಬಟ್ಟೆ ಕಟ್ಕೊತೀನಿ. ಈ ಎರಡಕ್ಕೂ ನೀವೇ ಗುಟ್ಟಾಗಿ ಗುರುತು ಮಾಡಿ, ಬಳ್ಳಿಯಿಂದ ಇಪ್ಪತ್ತೆಲೆ ಕಿತ್ತು ಅದರ ಜೊತೆ ಬೆರೆಸಿ. ಆಮೇಲೆ ಮಿಷಿನ್ ಹುಡುಕ್ಲಿ."

"ನನ್ನ ಎಲೆಗೆ ರೋಗ ಅಂತೀಯೇನೋ ಮೂದೇವಿ!" ಅಂತ ಅಜ್ಜಿ ಕೂಗಾಡುತ್ತಿದ್ದಂತೆಯೇ ಮೇಡಂ ಎಲೆ ಬೆರೆಸಿದರು. ವಿಜಯ್‌ಕುಮಾರ್ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ. ಒಂದೊಂದಾಗಿ ಹಿಡಿದ. ಇಪ್ಪತ್ತೆರಡರಲ್ಲಿ ಎರಡಕ್ಕೆ ಕೆಂಪು ದೀಪ. ಮೇಡಂ ಅವನ್ನು ತಿರುಗಿಸಿ ಗುರುತು ನೋಡಿದರು. ಅವೇ ಎರಡು!

ಚಪ್ಪಾಳೆಯೋ ಚಪ್ಪಾಳೆ. ಚಿಕ್ಕಬಸವಯ್ಯನವರಂತೂ ಶಿಳ್ಳೆ ಹಾಕಿದರು. ಬಿಂದು ಕಣ್ಣೊರೆಸಿಕೊಂಡು ನಕ್ಕಳು. ವಿಜಯ್‌ಕುಮಾರ್ ಎದೆಯುಬ್ಬಿಸಿ ನಿಂತ.

"ಅದ್ಭುತ!" ಎಂದರು ಮೇಡಂ, ಅವನ ಕೈ ಕುಲುಕುತ್ತಾ. "ಕೆಲಸ ಕೆಟ್ಟುಹೋದ ಮೇಲೂ ಸರಿ ಮಾಡ್ಕೊಂಡ್ರಲ್ಲ, ನನಗೆ ಬೇಕಾಗಿದ್ದು ಅಂಥೋರೇ. ಪ್ರಸನ್ನ ಇನ್ನೂ ಎಳಸು, ಅವರು ಇಲ್ಲೇ ಮೈಸೂರಲ್ಲಿ ನನ್ನ ಕಣ್ಣೆದುರಿಗೆ ಕಲೀತಿರ್ಲಿ. ಬೀದರ್‌ನಲ್ಲಿ ಸಾವಿರಾರು ಎಕರೆ ತೊಗರಿ ಇದೆ, ಕೇಳೋರಿಲ್ಲ. ಇಡೀ ಆಫೀಸು ನಿಮ್ಮದೇ. ಸೋಮವಾರಾನೇ ಹೊರಡಿ."

ಬಿಂದುವಿನ ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಮೇಡಂ... ನಾನು ಸೋತಿದ್ರೆ?" ಎಂದು ಕೇಳಿದ ವಿಜಯ್‌ಕುಮಾರ್.

"ಸೋತಿದ್ರೆ ಇಬ್ಬರನ್ನೂ ಮೈಸೂರಲ್ಲೇ ಇಟ್ಕೊಂಡು, ಬೀದರ್‌ಗೆ ಬೇರೆ ಯಾರನ್ನಾದ್ರೂ ಹುಡುಕೋಣ ಅಂತಿದ್ದೆ," ಎಂದರು ಮೇಡಂ ನಗುತ್ತಾ. "ಆಗ್ಲೇ ಎದ್ದು ಹೊರಟೂ ಬಿಟ್ಟಿದ್ದೆ. ಪುಣ್ಯಕ್ಕೆ ನೀವು ಬಾಯಿ ಬಿಟ್ರಿ."