ಐದನೆಯ ಕಾಗೆ

ಒಂದು ಕಾಗೆ ಹೆಚ್ಚಾದದ್ದೇ ಎಲ್ಲ ತೊಂದರೆಗೂ ಮೂಲ.

ತೊಂಬತ್ತಾರನೇ ಇಸವಿಯ ಮಾತು. ಚಾಮರಾಜಪೇಟೆಯಲ್ಲಿ ಚಂದ್ರಶೇಖರಯ್ಯನವರ ಡಿ.ಟಿ.ಪಿ. ಅಂಗಡಿ. ಅಲ್ಲಿ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದ ವಾದಿರಾಜ, ಬಿಡುವಿನಲ್ಲಿ ಹಳೆಯ ಕಂಪ್ಯೂಟರಿನ ಮೇಲೆಯೇ ಒಂದು ಆಟ ಕಟ್ಟಿದ್ದ. ಮಹಡಿಯ ಮೇಲೆ ಅಜ್ಜಿ ಹಪ್ಪಳ ಒಣಹಾಕಿರುತ್ತಾಳೆ, ಕಾಗೆಗಳು ಎರಗುತ್ತವೆ, ಆಡುವವನು ಗುಂಡಿ ಒತ್ತಿ ಅಜ್ಜಿಯನ್ನು ಅತ್ತಿತ್ತ ಓಡಿಸಿ, ಅವಳ ಕೋಲಿನಿಂದ ಅವನ್ನು ಅಟ್ಟಬೇಕು. ಸಂಪಿಗೆ ರಸ್ತೆಯ ಆಟಿಕೆ ಅಂಗಡಿಯ ದೊಡ್ಡಬೈರಪ್ಪ ಅಂದು ಸಂಜೆ ಆಟ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ವಾದಿರಾಜನಿಗೆ ಇನ್ನು ಆಟ ಕಟ್ಟುವುದೇ ಉದ್ಯೋಗ. ಇಲ್ಲವಾದರೆ ಮತ್ತೆ ಲಗ್ನಪತ್ರಿಕೆ.

ಐದು ಕಾಗೆ ಬರುತ್ತವೆಂದು ಫೋನಿನಲ್ಲಿ ಅವರಿಗೆ ಹೇಳಿಬಿಟ್ಟಿದ್ದ. ಬೆಳಿಗ್ಗೆ ಐದನೆಯದನ್ನು ಸೇರಿಸಿದೊಡನೆ ಯಂತ್ರ ಮೆಮೊರಿ ಸಾಲದೆಂದು ನಿಂತುಬಿಟ್ಟಿತು. ನಾಲ್ಕಕ್ಕೆ ಜಾಗವಿದ್ದಲ್ಲಿ ಇನ್ನೊಂದಕ್ಕೆ ಏಕಿಲ್ಲ? ಯಾರೋ ಏನೋ ತುಂಬಿಟ್ಟಿದ್ದಾರೆ. ಅವನ ಅನುಮಾನ ಜೊತೆಯ ಕೆಲಸಗಾರ ಕಶ್ಯಪನ ಮೇಲೆ ಹೋಯಿತು.

"ಮೆಷೀನಿಗೆ ಏನ್ ಹಾಕಿದೀಯೋ?"

"ನಾನೇನ್ ಹಾಕ್ಲಿ ಗುರು? ನಿನ್ ಕಾಗೆನೇ ಜಾಸ್ತಿ ತಿಂದಿರ್ಬೇಕು." ಹೀಗೆಂದವನು ವಾದಿರಾಜನ ಮೇಜನ್ನು ದಾರದಿಂದ ಅಳೆಯತೊಡಗಿದ.

"ಯಾಕೋ ಅಳೀತಿದೀಯ?"

"ಸುಮ್ನೆ."

ಆಮೇಲೆ ಕಶ್ಯಪ ಒಳಗೆ ಹೋಗಿ ಯಜಮಾನರ ಕಿವಿಯಲ್ಲಿ ಏನೋ ಉಸುರಿದ. ವಾದಿರಾಜ ಬಾಗಿಲಿಗೆ ಬಂದದ್ದೇ ತಡ, ಇಬ್ಬರೂ ಬೆಲ್ಲದ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದ ಹುಡುಗರಂತೆ ಸುಮ್ಮನಾದರು. ತನ್ನ ಜಾಗಕ್ಕೆ ಬೇರೊಬ್ಬನನ್ನು ತರುತ್ತಿದ್ದಾರೆ, ಅನುಮಾನವೇ ಇಲ್ಲ ಎಂದುಕೊಂಡ.

ಆದರೆ ವಿಚಾರಿಸುತ್ತ ಕೂರಲು ಹೊತ್ತಿರಲಿಲ್ಲ. ಬಣ್ಣ ಕಡಿಮೆಯಾದಷ್ಟೂ ಚಿತ್ರ ತಿನ್ನುವ ಮೆಮೊರಿ ಕಡಿಮೆ. ಅಜ್ಜಿಯ ಬಣ್ಣಗಳನ್ನೆಲ್ಲ ತೆಗೆದುಹಾಕಿದ. ಆಟ ನಡೆಯಿತು.

ಅಷ್ಟರಲ್ಲಿ ಯಜಮಾನರ ಹೆಂಡತಿ ಅಂಬುಜಮ್ಮ ಕಾಫಿ ತಂದರು.

"ಈ ಅಜ್ಜಿ ನನ್ನನ್ನ ನೋಡೇ ಬರೆದದ್ದು ಅಂದಿದ್ಯಲ್ಲ. ಕುಂಕುಮ ಎಲ್ಲೋ? ಬಳೆ ಎಲ್ಲೋ?"

"ಮೆಮೊರಿ ಸಾಲ್ಲಿಲ್ಲ ಅಮ್ಮ."

"ಯಜಮಾನ್ರು ಒಳಗೆ ಎರಡನೇ ಹೋಳಿಗೆ ತಿಂತಾ ಕೂತಿದಾರೆ. ನಿನ್ ಮೆಮೊರಿಗೋಸ್ಕರ ನಾನು ಬಿಳೀ ಸೀರೆ ಉಡ್ಬೇಕೇನೋ?"

"ನಾನಿನ್ನೂ ಇದೀನಿ ಅಂತ ಹೇಳೇ ಅವನಿಗೆ," ಎಂದು ಒಳಗಿನಿಂದ ದನಿ ಬಂತು.

ವಾದಿರಾಜ ಕುಂಕುಮ, ಬಳೆ, ಸೀರೆಯ ಬಣ್ಣ ಎಲ್ಲವನ್ನೂ ಹಿಂದಿರುಗಿಸಿದ. ಅದಕ್ಕೆ ಬದಲಾಗಿ ಕಾಗೆಗಳು ರೆಕ್ಕೆ ಬಡಿಯುವುದನ್ನು ನಿಲ್ಲಿಸಿದ. ಅವು ಯಾರೋ ಎಸೆದ ಚಪ್ಪಲಿಗಳಂತೆ ಬಂದು ಹಪ್ಪಳದ ಮೇಲೆ ಬೀಳತೊಡಗಿದವು. ಆದರೂ ಐದಿದ್ದವು, ಆಟವೂ ನಡೆಯಿತು.

ಮಧ್ಯಾಹ್ನ ಕಶ್ಯಪ ಬಂದು, "ದೊಡ್ಡಬೈರಪ್ಪನವರನ್ನ ನೀನೇ ಹೋಗಿ ಆಟೋದಲ್ಲಿ ಕರ್ಕೊಂಡ್ ಬರ್ಬೇಕಂತೆ," ಎಂದ. ತನ್ನನ್ನು ಹೊರಗೆ ಸಾಗಹಾಕುವ ಉಪಾಯವಿದು. ಕಳ್ಳರ ಕೈಗೆ ಆಟ ಸಿಕ್ಕದಿರಲೆಂದು ಅದನ್ನು ಯಂತ್ರದಿಂದ ತೆಗೆದು ಫ್ಲಾಪಿಗೆ ಹಾಕಿಕೊಂಡು, ಜೇಬಿನಲ್ಲಿಟ್ಟು ಹೊರಟ.

ಹಿಂದಿರುಗಿ ಬಂದಾಗ ಮೇಜಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ ಹೊಸ ಕಂಪ್ಯೂಟರು ಕೂತಿತ್ತು.

"ಬೆಳಗಿಂದ ಒದ್ದಾಡ್ತಿದ್ಯಲ್ಲಪ್ಪ," ಎಂದರು ಚಂದ್ರಶೇಖರಯ್ಯ. "ಬೇಕಾದಷ್ಟು ಮೆಮೊರಿ ಇದೆ ಇದ್ರಲ್ಲಿ. ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಕಳಿಸ್ಬಿಟ್ಟೆ."

ವಾದಿರಾಜನ ಕಣ್ಣು ಒದ್ದೆಯಾಯಿತು. ಇಂಥವರ ಮೇಲೆ ಅನುಮಾನಪಟ್ಟೆನಲ್ಲ ಎಂದು ಮನಸ್ಸಿನಲ್ಲೇ ದೇವರ ಕ್ಷಮೆ ಬೇಡಿ ಫ್ಲಾಪಿ ಹಾಕಿದ.

ದೊಡ್ಡಬೈರಪ್ಪ ಬೆರಳು ಎತ್ತುವಷ್ಟರಲ್ಲಿ ಐದು ಕಾಗೆಗಳೂ ಬಂದು ಹೋಗಿದ್ದವು. ಹಪ್ಪಳ ಒಂದೂ ಇರಲಿಲ್ಲ. ಎರಡನೆಯ ಸಲ ಬೆರಳನ್ನು ಗುಂಡಿಯ ಮೇಲೆಯೇ ಇಟ್ಟುಕೊಂಡು ಕೂತರು. ಒತ್ತಿದ ಕ್ಷಣವೇ ಅಜ್ಜಿ ಮಹಡಿಯಿಂದಾಚೆ ಹಾರಿ ಮಾಯವಾದಳು.

"ನಿಮ್ಮಜ್ಜಿ ಎಲ್ಹೋದ್ರಪ್ಪ?"

ಅಜ್ಜಿಯ ಓಟ, ಕಾಗೆಯ ಹಾರಾಟ ಎಲ್ಲವನ್ನೂ ವಾದಿರಾಜ ಹಳೆಯ ಯಂತ್ರದ ನಿಧಾನಕ್ಕೆ ಹೊಂದಿಸಿದ್ದ. ಹೊಸದರಲ್ಲಿ ಎಲ್ಲವೂ ಬಾಣದಂತೆ ಓಡುತ್ತಿದ್ದವು.

"ಒಂದ್ವಾರ ಟೈಮ್ ಕೊಡಿ ಸರ್, ಸರಿ ಮಾಡ್ತೀನಿ."

"ನಿಧಾನವಾಗ್ ಮಾಡಪ್ಪ. ನಾನು ಕೇರಂ ಬೋರ್ಡೇ ಮಾರ್ಕೋತೀನಿ," ಎಂದು ದೊಡ್ಡಬೈರಪ್ಪ ಚಪ್ಪಲಿ ಮೆಟ್ಟಿಕೊಂಡರು.

ಅವರು ಹೋದಮೇಲೆ ಚಂದ್ರಶೇಖರಯ್ಯ ಖಾಲಿ ಮಹಡಿಯ ಚಿತ್ರವನ್ನೇ ಬಹಳ ಹೊತ್ತು ನೋಡಿದರು. ಬಳಿಕ ಲಗ್ನಪತ್ರಿಕೆಗಳ ಕಟ್ಟನ್ನು ತಂದು ವಾದಿರಾಜನ ಮುಂದಿಟ್ಟರು.

"ಈ ಮೆಷೀನು ಇಷ್ಟು ಬೇಗ ಓಡುತ್ತೆ ಅಂದ್ಮೇಲೆ," ಎಂದರು, "ಕಶ್ಯಪನ ಪಾಲಿಂದೂ ನೀನೇ ಮಾಡ್ಬಿಡಪ್ಪ."