ನೀರಪ್ಪನ ಕೆಂಪು ಪೆನ್ನು

ಬೆಳಗ್ಗೆ ಒಂಬತ್ತಕ್ಕೆ ಮೀಟರು ಒಂದು ಪಾಯಿಂಟ್ ಆರು ತೋರಿಸಿತು. ಒಂದು ಪಾಯಿಂಟ್ ಮೂರು ದಾಟಬಾರದು ಎಂಬುದು ನಿಯಮ. ದಾಟಿದರೆ ಕೆಂಪು ಶಾಯಿಯಲ್ಲೇ ಬರೆಯಬೇಕು ಎಂಬುದೂ ನಿಯಮವೇ. ನೀರಪ್ಪ ಜೇಬಿನಿಂದ ಕೆಂಪು ಪೆನ್ನು ತೆಗೆದು, ರಿಜಿಸ್ಟರಿನಲ್ಲಿ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಿದ. ಆ ದಿನ ಅವನ ತಲೆ ಮೇಲೆ ಬಂದು ಬಿದ್ದ ಕಷ್ಟಕ್ಕೆಲ್ಲ ಕಾರಣ ಇಷ್ಟೇ: ಕಂಡದ್ದನ್ನು ಕಂಡ ಹಾಗೆ ಬರೆದದ್ದು.

ನೀರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಔಷಧಿ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ನೀರು ಶುದ್ಧ ಮಾಡುವ ಯಂತ್ರವನ್ನು ನೋಡಿಕೊಳ್ಳುವವನು ಅವನು; ಅದಕ್ಕೇ ಎಲ್ಲರ ಬಾಯಲ್ಲೂ ನೀರಪ್ಪ. ಅಲ್ಲಿಗೆ ಬೇಕಾದದ್ದು ನಾವು ನೀವು ಕುಡಿಯುವಂಥ ನೀರಲ್ಲ. ಉಪ್ಪು, ಸುಣ್ಣ ಒಂದು ಕಣವೂ ಇರಬಾರದು. ಏನಾದರೂ ಕರಗಿದ್ದರೆ ಮೀಟರಿನ ಅಂಕಿ ಏರುತ್ತದೆ, ಮಾಡಿದ ಪರೀಕ್ಷೆಯೆಲ್ಲ ಸುಳ್ಳಾಗುತ್ತದೆ. ಹನ್ನೊಂದು ವರ್ಷದಿಂದ ನೀರಪ್ಪ ದಿನವೂ ಆ ಅಂಕಿ ನೋಡಿದ್ದಾನೆ, ಏರಿದಾಗೆಲ್ಲ ಇಳಿಸಿದ್ದಾನೆ. ಹನ್ನೊಂದು ವರ್ಷದಿಂದಲೂ ಟೆಂಪರರಿ. ಅವನ ಅತ್ತೆಯಂತೂ ನೆಂಟರ ಮುಂದೆ "ಇವರು ನಮ್ಮ ಟೆಂಪರರಿ ಅಳಿಯಂದಿರು" ಎಂದೇ ಪರಿಚಯ ಮಾಡಿಕೊಡುತ್ತಾಳೆ.

ಇವತ್ತು ಆ ಅವಮಾನ ಮುಗಿಯಬೇಕಿತ್ತು. ಮಧ್ಯಾಹ್ನ ಮೂರಕ್ಕೆ ತಪಾಸಣೆಯ ಅಧಿಕಾರಿ ಬರುತ್ತಾರೆ; ನೀರಿನ ವಿಭಾಗ ಪಾಸಾದರೆ ಸಂಜೆಯೇ ಕಾಯಂ ಆದೇಶಕ್ಕೆ ಸಹಿ ಹಾಕುತ್ತೇನೆಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಆದೇಶ ಟೈಪಾಗಿ ಅವರ ಮೇಜಿನ ಮೇಲೇ ಕೂತಿತ್ತು. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ನೋಡ್ರೀ, ಇವತ್ತೊಂದಿನ ಬಾಯಿಗೆ ಬೀಗ ಹಾಕ್ಕೊಂಡಿರಿ. ಅವರು ಏನು ಹೇಳಿದ್ರೂ ಹೂಂ ಅನ್ನಿ. ನಿಮ್ಮ ನಿಯಮ ಗಿಯಮ ಎಲ್ಲ ನಾಳೆಯಿಂದ," ಎಂದಿದ್ದಳು.

ಒಂಬತ್ತೂವರೆಗೆ ಮ್ಯಾನೇಜರು ಬಂದರು. ವರ್ಷವಿಡೀ ಆ ರಿಜಿಸ್ಟರನ್ನು ಮೂಸಿಯೂ ನೋಡದ ಮಹಾಶಯರು ಅಂದು ಅದನ್ನು ತೆರೆದರು. ಒಂದು ಪುಟ ಹಿಂದಕ್ಕೆ ತಿರುಗಿಸಿದರು. ಇನ್ನೊಂದು. ಮತ್ತೊಂದು.

"ಏನಯ್ಯಾ ಇದು? ರಿಜಿಸ್ಟರೋ, ಫೇಲಾದವನ ಮಾರ್ಕ್ಸ್ ಕಾರ್ಡೋ? ಎಲ್ಲಿ ನೋಡಿದ್ರೂ ಕೆಂಪು!"

"ಈ ವರ್ಷ ಹದಿನಾಲ್ಕು ಸಲ ಏರಿತ್ತು ಸಾರ್, ಇವತ್ತಿಂದು ಹದಿನೈದನೇದು. ಪ್ರತಿ ಸಲಾನೂ ನೀರು ನಿಲ್ಲಿಸಿ, ಫಿಲ್ಟರ್ ಬದಲಾಯಿಸಿ, ಮತ್ತೆ ಅಳೆದು, ಸರಿ ಬಂದ ಮೇಲೇ ಬಿಟ್ಟಿದ್ದೀನಿ. ಕೆಳಗಡೆ ನೀಲಿಯಲ್ಲಿ ಎಲ್ಲ ಬರೆದಿದೆ. ಇವತ್ತಿಂದೂ ಅರ್ಧ ಗಂಟೆ ಕೆಲಸ, ಈಗ್ಲೇ ಹೋಗಿ..."

"ನೀಲಿ ಯಾರಯ್ಯಾ ಓದ್ತಾರೆ? ಕಣ್ಣಿಗೆ ಹೊಡೆಯೋದು ಕೆಂಪು ತಾನೇ!"

ಪಕ್ಕದ ಮೇಜಿನಿಂದ ಕ್ವಾಲಿಟಿ ಮೇಡಂ ಮೆಲ್ಲಗೆ ತಲೆಯೆತ್ತಿದರು. ನಿಯಮಗಳ ಪುಸ್ತಕ ಅವರ ವಶದಲ್ಲಿತ್ತು. "ಸಾರ್, ನಿಯಮದ ಪ್ರಕಾರ ನೀರಪ್ಪ ಬರೆದಿರೋದು ಸರಿಯಾಗೇ ಇದೆ..." ಎಂದರು. ಮ್ಯಾನೇಜರು ಅವರತ್ತ ತಿರುಗಿ ನೋಡಿದರು. "...ಆದ್ರೆ ನೋಡೋಕೆ ಚೆನ್ನಾಗಿಲ್ಲ," ಎಂದು ಮೇಡಂ ಮಾತು ಮುಗಿಸಿ, ಮತ್ತೆ ತಲೆ ತಗ್ಗಿಸಿದರು.

ಅಷ್ಟರಲ್ಲಿ ಸ್ಟೋರಿನವನು ಬಂದ. ಕರೆಯದೆ ಬರುವುದು, ಕೇಳದೆ ಉಪಾಯ ಹೇಳುವುದು, ಹೇಳಿದ್ದು ಕೆಟ್ಟರೆ ಮೆಲ್ಲನೆ ಜಾಗ ಖಾಲಿ ಮಾಡುವುದು ಅವನ ಜನ್ಮಸಿದ್ಧ ವಿದ್ಯೆ. "ಇದಕ್ಯಾಕೆ ಸಾರ್ ತಲೆ ಬಿಸಿ? ಸ್ಟೋರಲ್ಲಿ ಹೊಸ ರಿಜಿಸ್ಟರ್ ಬಿದ್ದಿದೆ. ಅದೇ ಬಣ್ಣ, ಅಷ್ಟೇ ಪುಟ. ನೀರಪ್ಪಣ್ಣ ಕೂತು ಮೊದಲಿಂದ ಬರೆದುಬಿಡ್ಲಿ. ಕೈಬರಹ ಅವನದೇ, ಸಹಿ ಅವನದೇ. ಯಾರಪ್ಪನ ಗಂಟೇನು ಹೋಗುತ್ತೆ?"

"ಸಾರ್, ಅದು ತಪ್ಪು..." ಎಂದ ನೀರಪ್ಪ.

ಮ್ಯಾನೇಜರು ತಮ್ಮ ಮೇಜಿನ ಮೇಲಿಂದ ಕಾಯಂ ಆದೇಶವನ್ನು ತಂದು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದು ಬೇಕೋ, ಆ ಕೆಂಪು ಪುರಾಣ ಬೇಕೋ?"

ಆ ಕಾಗದದಲ್ಲಿ ತನ್ನ ನಿಜವಾದ ಹೆಸರು ದಪ್ಪಕ್ಷರದಲ್ಲಿ ಕಾಣುತ್ತಿತ್ತು. ನೀರಪ್ಪ ಹೂಂ ಅಂದ. ಅವನ ಕಣ್ಣೆದುರೇ ಹಳೆಯ ರಿಜಿಸ್ಟರಿನ ಹಾಳೆಗಳನ್ನು ಕಿತ್ತು, ಕಾಗದ ಕತ್ತರಿಸುವ ಯಂತ್ರಕ್ಕೆ ಮ್ಯಾನೇಜರು ತಮ್ಮ ಕೈಯಾರೆ ಉಣಿಸಿದರು.

ಬರೆಯುವ ಕೆಲಸ ಶುರುವಾಯಿತು. ಸ್ಟೋರಿನವನು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತು ಮಗ್ಗಿ ಒಪ್ಪಿಸುವ ಹಾಗೆ ಹೇಳತೊಡಗಿದ: "ಸೊನ್ನೆ ಪಾಯಿಂಟ್ ಒಂಬತ್ತು... ಒಂದು... ಒಂದು ಪಾಯಿಂಟ್ ಒಂದು... ಮತ್ತೆ ಸೊನ್ನೆ ಪಾಯಿಂಟ್ ಒಂಬತ್ತು."

"ವರ್ಷಕ್ಕೆಲ್ಲ ಮೂರೇ ಅಂಕೀನೇನೋ?"

"ಮೂರು ಸಾಲದಾ ಅಣ್ಣಾ? ನೀರಿಗೇನು ಜ್ವರ ಬರುತ್ತಾ, ಏರೋಕೆ ಇಳಿಯೋಕೆ?"

ನೀರಪ್ಪ ಮೂರು ನೀಲಿ ಪೆನ್ನುಗಳನ್ನು ಸರದಿಯಲ್ಲಿ ಬದಲಾಯಿಸುತ್ತ ಬರೆದ. ಜ್ವರ ಬಂದದ್ದು ನೀರಿಗಲ್ಲ, ಒಂದು ಸಲ ಅವನಿಗೇ. ಮೈ ಕೆಂಡವಾಗಿದ್ದರೂ ನಾಲ್ಕು ಗಂಟೆ ಯಂತ್ರದ ಮುಂದೆ ಕುಕ್ಕುರುಗಾಲಲ್ಲಿ ಕೂತು ಅಂಕಿ ಇಳಿಸಿದ್ದ. ಆ ತಾರೀಖಿನ ಮುಂದೆ ಈಗ ಬರೀ "ಒಂದು" ಎಂದು ಬರೆಯುವಾಗ ಅವನಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಮುಂದಿನ ಸಾಲಿಗೆ ಹೋದ.

ಒಂದು ಗಂಟೆಯ ಹೊತ್ತಿಗೆ ಕ್ವಾಲಿಟಿ ಮೇಡಂ ಪುಟ ತಿರುವಿ ನೋಡಿ ಎದೆ ಮೇಲೆ ಕೈ ಇಟ್ಟುಕೊಂಡರು. "ನೀರಪ್ಪಾ, ಈ ತಿಂಗಳಿಗೆ ಮೂವತ್ತೇ ದಿನ ಅಲ್ವೇನಪ್ಪಾ? ಮೂವತ್ತೊಂದು ಎಲ್ಲಿಂದ ತಂದೆ?"

ಪುಟಗಳಿಗೆ ನಂಬರು ಅಚ್ಚಾಗಿತ್ತು, ಹರಿಯುವಂತಿರಲಿಲ್ಲ. ಬಿಳಿ ಬಣ್ಣ ಬಳಿಯುವುದು ನಿಯಮದ ಪ್ರಕಾರ ಮಹಾಪರಾಧ. ಮೇಡಂ, ನೀರಪ್ಪ, ಮ್ಯಾನೇಜರು ಮೂವರೂ ಆ ಸಾಲನ್ನೇ ದಿಟ್ಟಿಸುತ್ತಿದ್ದಾಗ ಸ್ಟೋರಿನವನು ತನ್ನ ಕೈಲಿದ್ದ ಚಹಾವನ್ನು ಅದರ ಮೇಲೆ ಸುರಿದುಬಿಟ್ಟ. "ಈಗ ಅದು ಮೂವತ್ತೋ ಮೂವತ್ತೊಂದೋ, ಯಾವ ಅಧಿಕಾರಿ ಹೇಳ್ತಾನೆ ಹೇಳ್ಲಿ ನೋಡೋಣ!"

ಬರೆದು ಮುಗಿದಾಗ ಎರಡು ಗಂಟೆ ದಾಟಿತ್ತು. ಆಗ ಆ ಮೂವರಿಗೂ ಒಟ್ಟಿಗೆ ನೆನಪಾಯಿತು: ಪುಸ್ತಕದಲ್ಲೇನೋ ನೀರು ಶುದ್ಧವಾಯಿತು, ಮೀಟರಿನಲ್ಲಿ ಇನ್ನೂ ಒಂದು ಪಾಯಿಂಟ್ ಆರೇ ಇದೆ. ನೀರಪ್ಪ ಯಂತ್ರದ ಕೋಣೆಗೆ ಓಡಿದ. ಸ್ಟೋರಿನವನು ಅವನಿಗಿಂತ ಮೊದಲೇ ಅಲ್ಲಿದ್ದ. ಟ್ಯಾಂಕಿನ ಮುಚ್ಚಳ ತೆರೆದು ನಾಲ್ಕನೆಯ ಕ್ಯಾನ್ ಕುಡಿಯುವ ನೀರನ್ನು ಗುಳುಗುಳು ಸುರಿಯುತ್ತಿದ್ದ.

ಮೀಟರು ಇನ್ನೂರ ಹನ್ನೆರಡು ತೋರಿಸುತ್ತಿತ್ತು.

"ಅಯ್ಯೋ ಪುಣ್ಯಾತ್ಮ! ಏನು ಮಾಡಿದ್ಯೋ? ಕುಡಿಯೋ ನೀರಲ್ಲಿ ಉಪ್ಪು, ಸುಣ್ಣ ಎಲ್ಲ ಇರುತ್ತೆ ಕಣೋ!"

"ಕಂಪನಿ ನೀರಣ್ಣಾ, ಸೀಲ್ ಒಡೆದೇ ಹಾಕಿದ್ದು! ನೂರಕ್ಕೆ ನೂರು ಶುದ್ಧ ಅಂತ ಕ್ಯಾನ್ ಮೇಲೇ ಬರೆದಿದೆ."

"ಬರೆದಿದ್ದನ್ನೆಲ್ಲ ನಂಬ್ತಾರೇನೋ!" ಎಂದು ಕಿರುಚಿದ ನೀರಪ್ಪನಿಗೆ ತನ್ನ ಮಾತು ಕೇಳಿ ತನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಸ್ಟೋರಿನವನು ಜಾಗ ಖಾಲಿ ಮಾಡಿದ್ದ.

ಮುಂದಿನ ಮುಕ್ಕಾಲು ಗಂಟೆ ನೀರಪ್ಪ ಯಾರ ಮಾತನ್ನೂ ಕೇಳಲಿಲ್ಲ. ಟ್ಯಾಂಕು ಬರಿದು ಮಾಡಿದ, ನೆಲದ ಮೇಲೆ ಹರಿದ ನೀರಿನಲ್ಲೇ ಮಂಡಿಯೂರಿ ಫಿಲ್ಟರ್ ಕಳಚಿದ, ಹೊಸದು ಕೂರಿಸಿದ, ಪೈಪುಗಳನ್ನು ಮತ್ತೆ ಮತ್ತೆ ತೊಳೆದ. ಅಂಕಿ ತೊಂಬತ್ತಕ್ಕೆ ಇಳಿಯಿತು. ಇಪ್ಪತ್ತಕ್ಕೆ. ನಾಲ್ಕಕ್ಕೆ. ಮೂರು ಗಂಟೆಗೆ ಮೂರು ನಿಮಿಷ ಇರುವಾಗ ಸೊನ್ನೆ ಪಾಯಿಂಟ್ ಒಂಬತ್ತಕ್ಕೆ ಬಂದು ನಿಂತಿತು. ಆ ಲ್ಯಾಬಿನಲ್ಲಿ ಅಂದು ನಡೆದ ಒಂದೇ ಒಂದು ನಿಜವಾದ ಕೆಲಸ ಅದು. ಅದನ್ನು ಯಾರೂ ಎಲ್ಲೂ ಬರೆದುಕೊಳ್ಳಲಿಲ್ಲ.

ಅಧಿಕಾರಿ ಸರಿಯಾಗಿ ಮೂರಕ್ಕೆ ಬಂದರು. ಸಣ್ಣ ದನಿಯ, ಸಜ್ಜನ ಮನುಷ್ಯ. ಮೀಟರು ನೋಡಿ ತಲೆಯಾಡಿಸಿದರು. ರಿಜಿಸ್ಟರು ತೆರೆದು ಒಂದೊಂದೇ ಪುಟ ನೋಡುತ್ತ ಹೋದರು. ಚಹಾದ ಕಲೆಯ ಮೇಲೆ ಅವರ ಬೆರಳು ನಿಂತಿತು.

"ಇದೇನು?"

"ಚಹಾ ಸಾರ್," ಎಂದ ನೀರಪ್ಪ.

"ಲ್ಯಾಬ್ ಒಳಗೆ ಚಹಾ ಕುಡೀಬಾರದು," ಎಂದು ಅವರು ತಮ್ಮ ಹಾಳೆಯಲ್ಲಿ ಗುರುತು ಹಾಕಿಕೊಂಡರು. ಅಷ್ಟೇ. ಮ್ಯಾನೇಜರ ಮುಖದಲ್ಲಿ ಕಳೆ ಬಂತು.

ಕೊನೆಯ ಪುಟ ಮುಗಿಸಿ ಅಧಿಕಾರಿ ಕನ್ನಡಕ ತೆಗೆದರು. "ಇಪ್ಪತ್ತು ವರ್ಷದಿಂದ ತಪಾಸಣೆ ಮಾಡ್ತಾ ಇದ್ದೀನಿ. ವರ್ಷಪೂರ್ತಿ ಒಂದು ಸಲಾನೂ ಮಿತಿ ದಾಟದೇ ಇರೋ ಯಂತ್ರ ನೋಡಿದ್ದು ಇದೇ ಮೊದಲು. ಪಾಸು, ಅನುಮಾನವೇ ಇಲ್ಲ."

ನೀರಪ್ಪನ ಎದೆ ಅರಳಿತು. ಮ್ಯಾನೇಜರು ಹಲ್ಲು ಬಿಟ್ಟು, "ಎಲ್ಲ ನಮ್ಮ ನಿರ್ವಹಣೆ ಸಾರ್," ಎಂದರು.

"ಇನ್ನೊಂದು ಶಿಫಾರಸು ಮಾಡ್ತೀನಿ. ಇಷ್ಟು ನಂಬಿಕಸ್ಥ ಯಂತ್ರಕ್ಕೆ ದಿನಾ ಒಬ್ಬರ ಕಾವಲು ಯಾಕೆ? ತಿಂಗಳಿಗೊಂದು ಸಲ ಅಳೆದರೆ ಸಾಕು, ನಿಯಮದಲ್ಲಿ ಅವಕಾಶ ಇದೆ. ಇದಕ್ಕೆ ಅಂತ ಬೇರೆ ಹುದ್ದೆಯೇ ಬೇಕಾಗಿಲ್ಲ."

ಹೆಂಡತಿ ಹಾಕಿಸಿದ್ದ ಬೀಗ ಅಲ್ಲಿಗೆ ಕಿತ್ತುಹೋಯಿತು. "ಸಾರ್, ಹಾಗಲ್ಲ ಸಾರ್! ಈ ಮಷಿನ್ನನ್ನ ನಂಬೋ ಹಾಗೇ ಇಲ್ಲ! ತಿಂಗಳಿಗೊಂದ್ಸಲನಾದ್ರೂ ಕೈ ಕೊಡುತ್ತೆ. ನಾನು ದಿನಾ ನೋಡ್ದೇ ಇದ್ರೆ ಪರೀಕ್ಷೆ ಎಲ್ಲ ಕೆಟ್ಟುಹೋಗುತ್ತೆ ಸಾರ್!"

"ಹೌದಾ?" ಅಧಿಕಾರಿ ಆಸಕ್ತಿಯಿಂದ ರಿಜಿಸ್ಟರನ್ನು ಅವನ ಕಡೆ ತಿರುಗಿಸಿದರು. "ಎಲ್ಲಿ ಬರೆದಿದ್ದೀರಿ? ತೋರಿಸಿ."

ನೀರಪ್ಪ ಪುಟ ತಿರುವಿದ. ಸೊನ್ನೆ ಪಾಯಿಂಟ್ ಒಂಬತ್ತು, ಒಂದು, ಒಂದು ಪಾಯಿಂಟ್ ಒಂದು. ಪ್ರತಿ ಸಾಲಿನ ತುದಿಯಲ್ಲೂ ಅವನದೇ ಸಹಿ. ನಿಜ ಹೇಳಿದರೆ ಸುಳ್ಳು ದಾಖಲೆ ಬರೆದವನೆಂದು ಈಗಲೇ ಮನೆಗೆ. ಹೇಳದಿದ್ದರೆ ನಾಲ್ಕು ದಿನ ತಡವಾಗಿ ಮನೆಗೆ. ಬೆನ್ನ ಹಿಂದೆ ಮ್ಯಾನೇಜರು ಕೆಮ್ಮಿದರು.

"ಬರೆದಿಲ್ಲ ಸಾರ್," ಎಂದ.

"ಬರೆದಿಲ್ಲ ಅಂದ್ರೆ ನಡೆದೇ ಇಲ್ಲ ಅಂತ ನಮ್ಮ ಲೆಕ್ಕ," ಎಂದು ಅಧಿಕಾರಿ ಅವನ ಭುಜ ತಟ್ಟಿದರು. "ಕೆಲಸದ ಮೇಲೆ ನಿಮಗಿರೋ ಪ್ರೀತಿ ಅರ್ಥ ಆಗುತ್ತೆ."

ಅವರ ಕಾರು ಗೇಟು ದಾಟಿದ ಮೇಲೆ ಮ್ಯಾನೇಜರು ಕಾಯಂ ಆದೇಶವನ್ನು ನಾಲ್ಕಾಗಿ ಮಡಚಿ ಡ್ರಾಯರಿಗೆ ಹಾಕಿದರು. "ನಾನೇನಯ್ಯಾ ಮಾಡ್ಲಿ? ಬೇಡ ಅಂತ ಅವರೇ ಬರೆದ ಮೇಲೆ, ಇಲ್ಲದ ಹುದ್ದೆಗೆ ನಿನ್ನ ಹೇಗೆ ಕಾಯಂ ಮಾಡೋದು? ಈ ತಿಂಗಳ ಕೊನೆವರೆಗೂ ಬಾ. ಅಷ್ಟರೊಳಗೆ ಸ್ಟೋರಿನವನಿಗೆ ಸ್ವಲ್ಪ ಕಲಿಸಿಕೊಡು."

ಸ್ಟೋರಿನವನು ಆಗಲೇ ಬಾಗಿಲಲ್ಲಿ ನಿಂತಿದ್ದ. "ಕಲಿಯೋಕೇನಿದೆ ಸಾರ್? ತಿಂಗಳಿಗೊಂದು ಅಂದ್ರೆ ವರ್ಷಕ್ಕೆ ಹನ್ನೆರಡೇ ಸಾಲು. ಮುಂದಿನ ವರ್ಷದ್ದನ್ನ ಈಗ್ಲೇ ಬರೆದಿಟ್ಟುಬಿಡ್ಲಾ?"

ಮ್ಯಾನೇಜರು ಒಂದು ಕ್ಷಣ ಯೋಚಿಸಿದರು. "ಬರಿ," ಎಂದರು. "ಆದ್ರೆ ಈ ಸಲ ಕ್ಯಾಲೆಂಡರ್ ಪಕ್ಕದಲ್ಲಿಟ್ಕೊಂಡು ಬರಿ."